ದೊಡ್ಡ ಟೈರು ಹಾಕಿಸಿದಿರಿ ಸರಿ, ಕ್ರೌನ್ ಪಿನಿಯನ್ ಎಷ್ಟರದ್ದು?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಆಫ್‌ರೋಡ್ ಜೀಪುಗಳ ಬಗ್ಗೆ ಅರ್ಧ ಪುಟ ಬಂದಿತ್ತು. ಫೋಟೊ ಚೆನ್ನಾಗಿತ್ತು. ಎದೆಯೆತ್ತರ ನಿಂತ ಗಾಡಿ, ಮಡ್‌ಗಾರ್ಡಿನಿಂದ ಹೊರಗೆ ಚಾಚಿದ ಟೈರು, ಮೇಲೊಂದು ಸಾಲು ಲೈಟು. ಟೈರು ಎಷ್ಟು ಇಂಚಿನದು, ಸ್ಪ್ರಿಂಗ್ ಎಷ್ಟು ಎತ್ತರ ಮಾಡಿಸಿದ್ದಾರೆ, ಮುಂದೆ ಯಾವ ಬಂಪರು, ಎಲ್ಲಾ ಬರೆದಿದ್ದೀರಿ. ಆ ಟೈರನ್ನು ತಿರುಗಿಸುವ ಕ್ರೌನ್ ಪಿನಿಯನ್ ಬಗ್ಗೆ, ಅಂದರೆ ಆಕ್ಸಲಿನ ನಡುವೆ ಹೌಸಿಂಗ್ ಎಂಬ ಕಬ್ಬಿಣದ ಗೂಡಿನೊಳಗೆ ಕೂತ ದೊಡ್ಡ ಹಲ್ಲುಚಕ್ರ (ಕ್ರೌನ್), ಅದನ್ನು ತಿರುಗಿಸುವ ಸಣ್ಣ ಹಲ್ಲುಚಕ್ರ (ಪಿನಿಯನ್), ಇವುಗಳ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಓದಿ ಪಕ್ಕಕ್ಕಿಡೋಣ ಅಂದುಕೊಂಡೆ, ಆಗಲಿಲ್ಲ. ಯಾಕೆಂದರೆ ಇದೊಂದು ವಿಷಯ ಗೊತ್ತಿಲ್ಲದೆ ನಾನು ಎರಡು ಕ್ಲಚ್ ಪ್ಲೇಟು ಸುಟ್ಟವನು.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಅಪ್ಪನ ಕಾಲದಲ್ಲಿ ಪೆಟ್ರೋಲ್ ಜೀಪಿತ್ತು, ಸಿಜೆ 3ಬಿ. ಮಹೀಂದ್ರದವರು 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದರಲ್ಲ, ಅದೇ ವಂಶದ್ದು. ಅದರ ಟೈರು ನೋಡಿದರೆ ಈಗಿನ ಹುಡುಗರು ನಗುತ್ತಾರೆ, 6.00-16, ಸಣಕಲು. ಗೇರು ಮೂರೇ. ಆದರೂ ಆಷಾಢದ ಮಳೆಯಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಗುರ್‍ರ್ ಎನ್ನುತ್ತಾ ಮೇಲಿನ ತಾಕಿಗೆ ಹತ್ತುತ್ತಿತ್ತು. ಎಲ್ಲಾ ಇಂಜಿನ್ನಿನ ತಾಕತ್ತು ಅಂದುಕೊಂಡಿದ್ದೆವು. ಅಲ್ಲ, ಅದು ಹಲ್ಲಿನ ಲೆಕ್ಕ. ಆ ಜೀಪಿನ ಹೌಸಿಂಗಿನೊಳಗೆ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43. ಭಾಗಿಸಿದರೆ 5.38. ಅಂದರೆ ಇಂಜಿನ್ ಕಡೆಯಿಂದ ಬರುವ ಶಾಫ್ಟು ಐದೂಕಾಲು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಿದರೆ ಚಕ್ರ ಒಂದು ಸುತ್ತು. ಅದಕ್ಕೆ ಮೊದಲ ಗೇರಿನ 2.8, ಕಡಿದಾದ ಏರಿಗೆಂದೇ ಇರುವ ಬೇರೆ ಲಿವರಿನಲ್ಲಿ ಲೋ ಹಾಕಿದಾಗಿನ 2.46 ಗುಣಿಸಿ ನೋಡಿ. ಇಂಜಿನ್ 37 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಪಕ್ಕದಲ್ಲಿ ನಡೆದು ಬರುವ ಆಳುಗಳು ಜೀಪಿಗಿಂತ ಮುಂದೆ ಹೋಗಿರುತ್ತಿದ್ದರು, ಆದರೆ ಜೀಪು ನಿಲ್ಲುತ್ತಿರಲಿಲ್ಲ.

ಈಗಿರುವುದು ಡೀಸೆಲ್ ಜೀಪು, ಎರಡನೇ ಕೈಯಿಂದ ಕೊಂಡದ್ದು. ಅದಕ್ಕೆ ನಾನು 33 ಇಂಚಿನ ಟೈರು ಹಾಕಿಸಿದೆ. ಯಾಕೆ ಅಂತ ಕೇಳಬೇಡಿ. ಅಕ್ಕನ ಮಗ ಬೆಂಗಳೂರಿನಿಂದ ಬಂದಾಗಲೆಲ್ಲ ಫೋನಿನಲ್ಲಿ ವಿಡಿಯೋ ತೋರಿಸುತ್ತಿದ್ದ, "ಮಾಮ, ನಿಮ್ ಜೀಪಿಗೆ ಹಾಕಿದ್ರೆ ಸಕ್ಕತ್ತಾಗಿರತ್ತೆ" ಅಂದ, ನನಗೂ ಆಸೆ ಆಯಿತು. ಕೆಸರಿನಲ್ಲಿ ಹೌಸಿಂಗ್ ನೆಲಕ್ಕೆ ತಾಗುವುದು ತಪ್ಪುತ್ತದೆ ಎಂದು ಮನೆಯಲ್ಲಿ ಒಂದು ನೆಪ ಹೇಳಿದೆ. ನೆಪ ಸುಳ್ಳೇನಲ್ಲ, ಹೌಸಿಂಗಿನಡಿ ಜಾಗ ಜಾಸ್ತಿ ಮಾಡಬೇಕಾದರೆ ಟೈರು ದೊಡ್ಡದು ಮಾಡುವುದು ಬಿಟ್ಟು ಬೇರೆ ಸುಲಭದ ದಾರಿಯಿಲ್ಲ. ಸ್ಪ್ರಿಂಗ್ ಎತ್ತಿದರೆ ಬಾಡಿ ಮೇಲೆ ಹೋಗುತ್ತದೆ, ಹೌಸಿಂಗ್ ಇದ್ದಲ್ಲೇ ಇರುತ್ತದೆ.

ಆ ವರ್ಷ ಅರೇಬಿಕಾ ಕೊಯ್ಲು ಜೋರಾಗಿತ್ತು. ಒಂದು ಸಂಜೆ ಕೆಳಗಿನ ಹಳ್ಳದ ಹತ್ತಿರದಿಂದ ಹಣ್ಣಿನ ಚೀಲ ಹೇರಿಕೊಂಡು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ಹೊರಟೆವು. ಅರ್ಧ ಏರಿನಲ್ಲಿ ಜೀಪು ಉಸಿರು ಕಟ್ಟಿದ ಹಾಗೆ ಆಯಿತು. ಕ್ಲಚ್ ಅರ್ಧ ಒತ್ತಿ ರೇಸ್ ಕೊಟ್ಟೆ, ಒಂದು ಗಜ ಹೋಯಿತು, ಮತ್ತೆ ನಿಂತಿತು. ಮೂರನೇ ಸಲಕ್ಕೆ ಸುಟ್ಟ ವಾಸನೆ. ಹಿಂದೆ ಕೂತಿದ್ದ ಹುಡುಗ "ಅಯ್ಯಾ, ಏನೋ ಸುಡ್ತೈತೆ" ಅಂದ. ಚೀಲಗಳನ್ನೆಲ್ಲ ಇಳಿಸಿ, ತಲೆ ಮೇಲೆ ಹೊರಿಸಿ, ರಾತ್ರಿ ಹತ್ತಾಯಿತು. ಅಷ್ಟು ಹೊತ್ತಿಗೆ ಚೀಲದೊಳಗೆ ಹಣ್ಣು ಬಿಸಿಯಾಗಿ ಹುಳಿ ಬರಲು ಶುರುವಾಗಿತ್ತು. ಕಾಫಿ ಬೆಳೆಯುವವರಿಗೆ ಇದರರ್ಥ ಬಿಡಿಸಿ ಹೇಳಬೇಕಿಲ್ಲ.

ಹೊಸ ಕ್ಲಚ್ ಹಾಕಿಸಿದೆ. ಒಂದೂವರೆ ತಿಂಗಳಿಗೆ ಅದೂ ಹೋಯಿತು. ಆಗ ಒಬ್ಬರು ಹಳೇ ಮೇಸ್ತ್ರಿ, ಜೀಪಿನ ಕೆಳಗೇ ಅರ್ಧ ಆಯಸ್ಸು ಕಳೆದವರು, ಒಂದೇ ಪ್ರಶ್ನೆ ಕೇಳಿದರು. "ಕ್ರೌನ್ ಎಷ್ಟರದ್ದು?" ನನಗೆ ಗೊತ್ತಿರಲಿಲ್ಲ. "ಟೈರು ಎಷ್ಟರದ್ದು ಅಂತ ಮಾತ್ರ ಗೊತ್ತು, ಅಲ್ವಾ?" ಅಂದರು.

ಅವರು ಕಂಡುಹಿಡಿದ ರೀತಿ ಹೇಳುತ್ತೇನೆ, ಯಾರು ಬೇಕಾದರೂ ಮನೆ ಮುಂದೆ ಮಾಡಬಹುದು. ಸಮತಟ್ಟಿನಲ್ಲಿ ಗಾಡಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಲ್ಲಿ ಎತ್ತಿದರು. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟದ್ದು. ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದಲ್ಲಿ ಒಂದು ಗೀಟು, ಟೈರಿಗೆ ಒಂದು ಗೀಟು. ಒಂದೇ ಚಕ್ರ ಎತ್ತಿದ್ದರಿಂದ ಅದನ್ನು ಪೂರ್ತಿ ಎರಡು ಸುತ್ತು ತಿರುಗಿಸಬೇಕು, ಆಗ ಕ್ರೌನು ಒಂದು ಸುತ್ತು ಹೋದ ಹಾಗೆ. ನಾನು ಟೈರು ತಿರುಗಿಸಿದೆ, ಅವರು ಕೆಳಗೆ ಮಲಗಿ ಶಾಫ್ಟಿನ ಗೀಟು ಎಣಿಸಿದರು. ಮೂರು ಸುತ್ತು, ಮೇಲೆ ಮುಕ್ಕಾಲಿಗೆ ಒಂದು ಕೂದಲು ಕಡಿಮೆ. "3.73" ಅಂದರು. 11 ಹಲ್ಲಿನ ಪಿನಿಯನ್, 41 ಹಲ್ಲಿನ ಕ್ರೌನು. ಈ ನಂಬರು ಸಣ್ಣದಾದಷ್ಟೂ ಓಟ ಜಾಸ್ತಿ, ಎಳೆತ ಕಡಿಮೆ. ನನ್ನ ಜೀಪಿಗೆ ಮೊದಲು 4.88 ಇದ್ದಿರಬೇಕು, ಹಿಂದಿನ ಮಾಲೀಕರು ಹೈವೇಯಲ್ಲಿ ಓಡಲಿ ಎಂದು ಬದಲಾಯಿಸಿದ್ದಾರೆ ಎಂಬುದು ಅವರ ತೀರ್ಮಾನ. ಹಿಂದಿನವರು ಒಂದು ಕಡೆಗೆ ಎಳೆದರು, ನಾನು ದೊಡ್ಡ ಟೈರು ಹಾಕಿ ಅದೇ ಕಡೆಗೆ ಇನ್ನಷ್ಟು ಎಳೆದೆ.

ಲೆಕ್ಕ ಸುಲಭ. ನನ್ನ ಹಳೇ ಟೈರು 29 ಇಂಚು ಎತ್ತರ. ಒಂದು ಕಿಲೋಮೀಟರಿಗೆ ಸುಮಾರು 432 ಸುತ್ತು ತಿರುಗುತ್ತಿತ್ತು. 33 ಇಂಚಿನದು 380 ಸುತ್ತಿಗೇ ಕಿಲೋಮೀಟರ್ ಮುಗಿಸುತ್ತದೆ. ಕೇಳಲು ಲಾಭದ ಹಾಗಿದೆ, ಆದರೆ ಆ ಲಾಭಕ್ಕೆ ಬೆಲೆ ತೆರುವುದು ಇಂಜಿನ್ನು. 3.73ನ್ನು 29ರಿಂದ ಗುಣಿಸಿ 33ರಿಂದ ಭಾಗಿಸಿದರೆ 3.28. ಅಂದರೆ ಹೌಸಿಂಗಿನಲ್ಲಿ ಏನೇ ಇರಲಿ, ಏರಿನಲ್ಲಿ ನನ್ನ ಜೀಪು 3.28ರ ಜೀಪು. ಉದ್ದದ ಸನಿಕೆಯ ತುದಿ ಹಿಡಿದು ಮಣ್ಣೆತ್ತಿದ ಹಾಗೆ. ಜೊತೆಗೆ ದೊಡ್ಡ ಟೈರಿನ ತೂಕ ಬೇರೆ, ನಿಂತಲ್ಲಿಂದ ಅದನ್ನು ತಿರುಗಿಸಲೂ ದಮ್ಮು ಬೇಕು. ಸ್ಪೀಡೋಮೀಟರಿನದು ಇನ್ನೊಂದು ಕತೆ. ಮೊದಲು ಸರಿಯಾಗಿ ತೋರಿಸುತ್ತಿದ್ದ ಮೀಟರು, ಟೈರು 29ರಿಂದ 33 ಆದ ಮೇಲೆ 60 ತೋರಿಸುವಾಗ ಗಾಡಿ ನಿಜಕ್ಕೂ 68ರಲ್ಲಿ ಇರುತ್ತದೆ.

ಹಳೇ ದಮ್ಮು ವಾಪಸ್ ಬೇಕಾದರೆ ಲೆಕ್ಕ ತಿರುಗಿಸಿ. ಮೊದಲಿದ್ದ 4.88ನ್ನು 33ರಿಂದ ಗುಣಿಸಿ 29ರಿಂದ ಭಾಗಿಸಿದರೆ 5.55. ಆ ಅಳತೆಗೆ ಹತ್ತಿರದ್ದು 5.38. ಹೌದು, ಅಪ್ಪನ ಜೀಪಿನದೇ ನಂಬರು!

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಹಳೇ ಮೇಸ್ತ್ರಿ "ಎರಡು ತಿಂಗಳು ಕಾಯಿರಿ, ಕೈತುಂಬಾ ಕೆಲಸ ಇದೆ" ಅಂದರು. ಕಾಯುವ ತಾಳ್ಮೆ ಇಲ್ಲದೆ ಪೇಟೆಯ ಬೇರೊಂದು ಗ್ಯಾರೇಜಿಗೆ ಹೋದೆ. ಅಲ್ಲಿನವರು ಹಿಂದಿನ ಹೌಸಿಂಗಿಗೆ ಮಾತ್ರ 5.38 ಹಾಕಿದರು. "ಮುಂದಿನದು ಯಾವಾಗಲೋ ಒಮ್ಮೆ ಹಾಕೋದು ತಾನೇ, ಸುಮ್ನೆ ದುಡ್ಡು ದಂಡ" ಅಂದರು. ನಾನೂ ತಲೆ ಆಡಿಸಿದೆ. ಮನೆಗೆ ಬಂದು ಕಾಫಿ ಕಣದಲ್ಲಿ, ನೋಡೋಣ ಅಂತ ನಾಲ್ಕೂ ಚಕ್ರ ಎಳೆಯುವ ಫೋರ್‌ವೀಲ್ ಹಾಕಿದೆ. ಹತ್ತಡಿ ಹೋಗಿರಲಿಲ್ಲ, ಕೆಳಗಿನಿಂದ ಕಬ್ಬಿಣ ಮುರಿಯುವ ಹಾಗೆ ಸದ್ದು, ಜೀಪು ಕಟ್ಟಿಹಾಕಿದಂತೆ ನಿಂತಿತು. ಲಿವರ್ ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಫೋರ್‌ವೀಲ್ ಹಾಕಿದಾಗ ಈ ಜೀಪುಗಳಲ್ಲಿ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ಹಿಂದೆ 5.38, ಮುಂದೆ 3.73 ಇದ್ದರೆ ಹಿಂದಿನ ಚಕ್ರ ನೂರಡಿ ಹೋಗುವಷ್ಟರಲ್ಲಿ ಮುಂದಿನದು 144 ಅಡಿ ಓಡಬೇಕು. ಒಂದೇ ಜೀಪಿನಲ್ಲಿ ಅದು ಹೇಗೆ ಸಾಧ್ಯ? ಎರಡೂ ಎಳೆದಾಡಿಕೊಂಡು ಶಾಫ್ಟು ತಿರುಚಿಕೊಳ್ಳುತ್ತದೆ. ಕೊನೆಗೆ ಮುಂದಿನ ಒಂದು ಚಕ್ರ ಜಾಕಿನಲ್ಲಿ ಎತ್ತಿದೆವು. ನೆಲ ಬಿಟ್ಟ ತಕ್ಷಣ ಅದು ತಾನಾಗಿಯೇ ರಪ್ಪನೆ ತಿರುಗಿತು. ಪಕ್ಕದಲ್ಲಿ ಯಾರ ಕೈಯೂ ಇರಲಿಲ್ಲ, ಪುಣ್ಯ.

ಆಮೇಲೆ ಬಾಯಿ ಮುಚ್ಚಿಕೊಂಡು ಎರಡು ತಿಂಗಳು ಕಾದೆ. ಹಳೇ ಮೇಸ್ತ್ರಿ ಎರಡೂ ಹೌಸಿಂಗ್ ಬಿಚ್ಚಿದರು. ಮುಂದಿನದಕ್ಕೂ ಹಿಂದಿನದಕ್ಕೂ ಸೆಟ್ ಬೇರೆ ಬೇರೆ, ಅನುಪಾತ ಮಾತ್ರ ಒಂದೇ ಇರಬೇಕು. ಬೇರಿಂಗು, ಸೀಲು ಎಲ್ಲಾ ಹೊಸದು. ಕೂತು ನೋಡಿದೆ ಆ ಕೆಲಸ. ಕ್ರೌನಿನ ನಾಲ್ಕೈದು ಹಲ್ಲಿಗೆ ಬಣ್ಣದ ಪೇಸ್ಟು ಹಚ್ಚಿ, ಕ್ರೌನಿಗೆ ಸ್ವಲ್ಪ ತಡೆ ಕೊಟ್ಟು, ಪಿನಿಯನ್ ತಿರುಗಿಸಿ, ಪೇಸ್ಟು ಎಲ್ಲಿ ಅಳಿಸಿದೆ ಎಂದು ಟಾರ್ಚು ಬಿಟ್ಟು ನೋಡುವುದು. ಗುರುತು ಹಲ್ಲಿನ ಬುಡಕ್ಕೆ ಬಿದ್ದರೆ ಪಿನಿಯನ್ ಜಾಸ್ತಿ ಒಳಗೆ ಹೋಗಿದೆ, ತುದಿಗೆ ಬಿದ್ದರೆ ಹೊರಗಿದೆ. ಶಿಮ್ಮು ಎಂಬ ಕಾಗದದಷ್ಟು ತೆಳುವಾದ ಲೋಹದ ಬಿಲ್ಲೆ ತೆಗೆದು, ಇನ್ನೊಂದು ಹಾಕಿ, ಮತ್ತೆ ಜೋಡಿಸಿ, ಮತ್ತೆ ಪೇಸ್ಟು. ಹಿಂದಿನದಕ್ಕೆ ಐದು ಸಲ ಬಿಚ್ಚಿದರು. ಹಲ್ಲುಗಳ ನಡುವಿನ ಸಡಿಲ (ಪ್ಲೇ) ಡಯಲ್ ಗೇಜಿನಲ್ಲಿ 0.15ರಿಂದ 0.25 ಮಿಲಿಮೀಟರ್ ಒಳಗೆ ಬರುವ ತನಕ ಬಿಡಲಿಲ್ಲ. ಪೇಟೆಯ ಗ್ಯಾರೇಜಿನಲ್ಲಿ ಗೇಜೂ ಇರಲಿಲ್ಲ, ಪೇಸ್ಟೂ ಇರಲಿಲ್ಲ. ಕೈಯಲ್ಲಿ ಅಲ್ಲಾಡಿಸಿ "ಸರಿ ಇದೆ" ಅಂದಿದ್ದರು. ಅಲ್ಲಿಂದ ಬಂದ ಮೇಲೆ ನನ್ನ ಜೀಪು 40 ದಾಟಿದರೆ ಜೇನುಗೂಡಿನ ಹಾಗೆ ಗುಂಯ್ ಎನ್ನುತ್ತಿದ್ದುದು ಯಾಕೆ ಎಂದು ಆಗ ಗೊತ್ತಾಯಿತು.

ಕೊಡುವಾಗ ಮೇಸ್ತ್ರಿ ಎರಡು ಮಾತು ಹೇಳಿದರು. ಮೊದಲ ದಿನ ಲೋಡಿಲ್ಲದೆ ಹದಿನೈದು ಇಪ್ಪತ್ತು ನಿಮಿಷ ನಿಧಾನಕ್ಕೆ ಓಡಿಸಿ, ನಿಲ್ಲಿಸಿ, ಹೌಸಿಂಗ್ ತಣ್ಣಗಾಗಲು ಬಿಡಿ, ಹೀಗೆ ಕೆಲವು ಸಲ ಮಾಡಿ, ಸುಮಾರು 800 ಕಿಲೋಮೀಟರಿಗೆ ಹೌಸಿಂಗಿನ ಆಯಿಲ್ ಬದಲಾಯಿಸಿ, ಜಿಎಲ್-5 ದರ್ಜೆಯ ಗೇರ್ ಆಯಿಲ್ಲೇ ಹಾಕಿ. ಎರಡನೆಯದು, "ಗೌಡ್ರೆ, 8 ಹಲ್ಲಿನ ಪಿನಿಯನ್ ಇದು, ತಲೆ ಸಣ್ಣದು. ಚಕ್ರ ಗಾಳಿಯಲ್ಲಿ ತಿರುಗ್ತಾ ಇರುವಾಗ ರೇಸ್ ಕೊಟ್ಟು ನೆಲಕ್ಕೆ ಬೀಳಿಸಬೇಡಿ." ಇದನ್ನು ಆ ವಿಡಿಯೋ ಮಾಡುವ ಹುಡುಗರಿಗೆ ಯಾರಾದರೂ ಹೇಳಬೇಕು.

ಈಗ ಹಳ್ಳದ ಏರು ಲೋ ಮೊದಲ ಗೇರಿನಲ್ಲಿ ಕ್ಲಚ್ ಮುಟ್ಟದೆ ಹತ್ತುತ್ತದೆ. ನನಗೆ ಅದಕ್ಕಿಂತ ಖುಷಿ ಕೊಟ್ಟದ್ದು ಇಳಿಜಾರು. ಹತ್ತುವುದನ್ನೇ ಎಲ್ಲರೂ ಮಾತಾಡುತ್ತಾರೆ, ಇಳಿಯುವುದನ್ನು ಯಾರೂ ಹೇಳುವುದಿಲ್ಲ. ದೊಡ್ಡ ಟೈರಿಗೆ ಅದೇ ಹಳೇ ಬ್ರೇಕು ಸಾಲುವುದಿಲ್ಲ, ಚಕ್ರ ದೊಡ್ಡದಾದಷ್ಟೂ ಬ್ರೇಕಿನ ಹಿಡಿತ ಕಡಿಮೆ. ಕ್ರೌನ್ ಪಿನಿಯನ್ ಬದಲಾಯಿಸುವ ಮೊದಲು ಒಂದು ಸಲ ಚಾರ್ಮಾಡಿ ಘಾಟಿಯಲ್ಲಿ ಇಳಿಯುವಾಗ ಇಂಜಿನ್ ಹಿಡಿಯಲೇ ಇಲ್ಲ, ಬರೀ ಬ್ರೇಕಿನಲ್ಲೇ ಇಳಿದು, ಕೆಳಗೆ ಬರುವಷ್ಟರಲ್ಲಿ ಪೆಡಲ್ ಮೆತ್ತಗಾಗಿತ್ತು. ಈಗ ಕಾಲು ತೆಗೆದರೆ ಇಂಜಿನ್ನೇ ಹಿಡಿದು ಇಳಿಸುತ್ತದೆ. ಹಾಗಂತ ಬ್ರೇಕು ನೋಡಿಸುವುದನ್ನು ಬಿಡಬೇಡಿ.

ನಷ್ಟವೂ ಇದೆ, ಮುಚ್ಚಿಡುವುದಿಲ್ಲ. ಹಾಸನದಿಂದ ಬೆಂಗಳೂರಿಗೆ ಹೋಗುವಾಗ 70ರ ಮೇಲೆ ಇಂಜಿನ್ ಕಿರುಚುತ್ತದೆ, ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋಗುತ್ತವೆ, ಡೀಸೆಲ್ಲೂ ಜಾಸ್ತಿ ಕುಡಿಯುತ್ತದೆ. ತಿಂಗಳಿಗೊಮ್ಮೆ ಮಂಡಲ್‌ಪಟ್ಟಿ ನೋಡಲು ಬರುವ, ಉಳಿದ ದಿನ ಆಫೀಸಿಗೆ ಹೋಗುವ ಗಾಡಿಗೆ ಇದೆಲ್ಲ ಯಾಕೆ? ಟೈರು ಒಂದು ಇಂಚು ಜಾಸ್ತಿ ಮಾಡಿದರೆ ಕ್ರೌನ್ ಪಿನಿಯನ್ನಿನ ತಂಟೆಗೆ ಹೋಗುವುದೇ ಬೇಡ, ಅದರಲ್ಲೂ ಈಗಿನ ಟರ್ಬೊ ಡೀಸೆಲ್ಲಿಗೆ ಅದು ಲೆಕ್ಕಕ್ಕೇ ಇಲ್ಲ. ಮೂರು ನಾಲ್ಕು ಇಂಚು ಏರಿಸಿ ಮೇಲೆ ಲೋಡೂ ಹೇರುವವರು ಮಾತ್ರ ಟೈರಿನ ಜೊತೆಗೇ ಕ್ರೌನ್ ಪಿನಿಯನ್ನಿನ ದುಡ್ಡೂ ಎತ್ತಿಡಬೇಕು. ಅಷ್ಟು ದುಡ್ಡಿಲ್ಲವೇ, ಕಂಪನಿ ಟೈರೇ ಇರಲಿ, ಮಳೆಗಾಲಕ್ಕೆ ಒಳ್ಳೇ ಹಲ್ಲಿನ ಟೈರು ಅದೇ ಅಳತೆಯಲ್ಲೇ ಸಿಗುತ್ತದೆ.

ಕಾನೂನಿನ ಮಾತೂ ನಿಮ್ಮ ಲೇಖನದಲ್ಲಿ ಇರಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ನಾನು ಮಾಡಿದ್ದೂ ಇದರೊಳಗೇ ಬರುತ್ತದೆ, ನನಗೆ ಗೊತ್ತು, ಅದಕ್ಕೇ ಈ ಜೀಪು ಈಗ ಹೆಚ್ಚಾಗಿ ತೋಟದ ಗೇಟಿನೊಳಗೇ ಇರುತ್ತದೆ. ಆದರೆ ಒಂದು ಸಿಟ್ಟಿದೆ. ರಸ್ತೆಯಲ್ಲಿ ಹಿಡಿಯುವವರಿಗೆ ಕಾಣುವುದು ಹೊರಗೆ ಚಾಚಿದ ಟೈರು ಮಾತ್ರ. ಬ್ರೇಕು, ಗೇರು, ಮೀಟರು ಎಲ್ಲಾ ಲೆಕ್ಕ ಹಾಕಿ ಸರಿಮಾಡಿಸಿದವನಿಗೂ, ಟೈರೊಂದನ್ನೇ ಹಾಕಿ ಕುಟುಂಬ ಕೂರಿಸಿಕೊಂಡು ಘಾಟಿ ಇಳಿಯುವವನಿಗೂ ಒಂದೇ ಚೀಟಿ. ಇಂಜಿನಿಯರೊಬ್ಬರು ನೋಡಿ, ಪರೀಕ್ಷೆ ಮಾಡಿ, ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಬರೆದುಕೊಡುವ ಸುಲಭದ ಏರ್ಪಾಡೊಂದು ನಮ್ಮ ಜಿಲ್ಲೆಗಳಲ್ಲಿ ಇದ್ದರೆ ಎಷ್ಟೋ ಜನ ಕದ್ದು ಮಾಡಿಸುವುದು ತಪ್ಪುತ್ತದೆ.

ನಿಮ್ಮಲ್ಲಿ ಕೇಳುವುದು ಸಣ್ಣದು. ಮುಂದಿನ ಸಲ ಇಂಥ ಗಾಡಿಯ ಫೋಟೊ ಹಾಕುವಾಗ ಟೈರಿನ ಇಂಚಿನ ಪಕ್ಕದಲ್ಲೇ ಕ್ರೌನ್ ಪಿನಿಯನ್ ಎಷ್ಟರದ್ದು ಎಂದೂ ಹಾಕಿ. ಮಾಲೀಕರಿಗೇ ಗೊತ್ತಿಲ್ಲ ಅಂದರೆ ಒಂದು ಜಾಕು, ಒಂದು ಸೀಮೆಸುಣ್ಣ ಸಾಕು, ನಿಮ್ಮ ವರದಿಗಾರರೇ ಎಣಿಸಿಕೊಂಡು ಬರಬಹುದು.

ಇಂತಿ,
ಒಬ್ಬ ಕಾಫಿ ಬೆಳೆಗಾರ,
ಮೂಡಿಗೆರೆ ತಾಲ್ಲೂಕು