ಮುಂದಿನ ಫಲಪುಷ್ಪ ಪ್ರದರ್ಶನದಲ್ಲಿ ಜನರ ಹಾರೈಕೆಗೂ ಜಾಗವಿರಲಿ: ತೋಟಗಾರಿಕೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ತೋಟಗಾರಿಕೆ ಸಚಿವರಲ್ಲಿ ವಿನಂತಿ,

ಸ್ವಾತಂತ್ರ್ಯೋತ್ಸವ, ಗಣರಾಜ್ಯೋತ್ಸವಗಳ ಹೊತ್ತಿಗೆ ಲಾಲ್‌ಬಾಗ್‌ನಲ್ಲಿ ತಮ್ಮ ಇಲಾಖೆ ನಡೆಸುವ ಫಲಪುಷ್ಪ ಪ್ರದರ್ಶನದ ಕುರಿತು ಈ ಪತ್ರ. ಆಗಸ್ಟ್ ಪ್ರದರ್ಶನಗಳಲ್ಲಿ 2022ರಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್, 2023ರಲ್ಲಿ ಕೆಂಗಲ್ ಹನುಮಂತಯ್ಯ ಹಾಗೂ ವಿಧಾನಸೌಧ, 2024ರಲ್ಲಿ ಡಾ. ಅಂಬೇಡ್ಕರ್ ಗಾಜಿನ ಮನೆಯ ವಸ್ತುವಾದರು. ಸಂದ ಕಾಲಕ್ಕೆ ಈ ಗೌರವ ಸಲ್ಲಬೇಕಾದದ್ದೇ. ಆದರೆ ಟಿಕೆಟ್ ಕೊಂಡು, ಸಾಲಿನಲ್ಲಿ ಸರಿದು, ಫೋಟೊ ತೆಗೆದುಕೊಂಡು ಹೊರಬೀಳುವ ಲಕ್ಷಾಂತರ ಜನರನ್ನು, ಬರುವ ಕಾಲ ಹೇಗಿರಬೇಕೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಕೇಳುವ ಒಂದು ಬಗೆಯನ್ನು ಕಲಾವಿದೆ ಯೋಕೊ ಓನೊ 1996ರಿಂದ ‘ವಿಶ್ ಟ್ರೀ’ ಎಂಬ ಹೆಸರಿನಲ್ಲಿ ಹಲವು ದೇಶಗಳಲ್ಲಿ ತೋರಿಸಿದ್ದಾರೆ. ಒಂದು ಗಿಡ, ಪಕ್ಕದಲ್ಲಿ ಚೀಟಿ, ಪೆನ್ಸಿಲ್, ದಾರ. ಬಂದವರು ಹಾರೈಕೆ ಬರೆದು ರೆಂಬೆಗೆ ಕಟ್ಟುತ್ತಾರೆ. ವಾಷಿಂಗ್ಟನ್‌ನ ಹಿರ್ಷ್‌ಹಾರ್ನ್ ಸಂಗ್ರಹಾಲಯದ ಶಿಲ್ಪೋದ್ಯಾನಕ್ಕೆ 2007ರಲ್ಲಿ ಇಂಥ ಗಿಡ ಬಂತು. ಚೀಟಿ ಕಟ್ಟದ ಚಳಿಗಾಲದಲ್ಲಿ ಜನ ಅದಕ್ಕೆ ಪಿಸುಮಾತಿನಲ್ಲಿ ಹೇಳಿಕೊಳ್ಳುತ್ತಾರೆ. ಹೀಗೆ ಸೇರಿದ ಹತ್ತು ಲಕ್ಷಕ್ಕೂ ಹೆಚ್ಚು ಚೀಟಿಗಳು ಐಸ್‌ಲ್ಯಾಂಡಿನ ದ್ವೀಪವೊಂದರಲ್ಲಿ ಓನೊ ನಿರ್ಮಿಸಿದ ಬೆಳಕಿನ ಗೋಪುರದ ಪಾಲಾಗಿವೆ. ಮರಕ್ಕೆ ಹರಕೆಯ ತೊಟ್ಟಿಲು ಕಟ್ಟುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರಕೆ ಹೆಚ್ಚಾಗಿ ಮನೆಯ ಮಟ್ಟಿಗಿನದು. ಇಲ್ಲಿ ಕೆರೆ ಉಳಿಯಲೆಂದು ಒಬ್ಬರು ಬರೆದದ್ದನ್ನು ಗುರುತೇ ಇಲ್ಲದ ಇನ್ನೊಬ್ಬರು ಓದಿ, ತಮ್ಮದನ್ನು ಅದರ ಪಕ್ಕದಲ್ಲೇ ಕಟ್ಟಬಹುದು.

ಲಾಲ್‌ಬಾಗ್‌ನ ಹಳೆಯ ಮರಗಳನ್ನು ಮಾತ್ರ ಇದಕ್ಕೆ ಬಳಸಬಾರದು. ತಂತಿ, ಪ್ಲಾಸ್ಟಿಕ್ ದಾರ ತೊಗಟೆಗೆ ಕಚ್ಚಿಕೊಂಡು ರೆಂಬೆ ಒಣಗುವುದನ್ನು ತಮ್ಮ ಮಾಲಿಗಳು ನನಗಿಂತ ಚೆನ್ನಾಗಿ ಬಲ್ಲರು. ದೊಡ್ಡ ಕುಂಡಗಳಲ್ಲಿ ಹೊಂಗೆ, ನೇರಳೆ ಗಿಡಗಳನ್ನಿಟ್ಟು ಸಡಿಲವಾಗಿ ನೂಲು ಕಟ್ಟಿಸಿದರೆ, ಪ್ರದರ್ಶನ ಮುಗಿದ ಮೇಲೆ ಅವನ್ನು ಸರ್ಕಾರಿ ಶಾಲೆಗಳ ಅಂಗಳದಲ್ಲಿ ನೆಡಬಹುದು. ಆಗಸ್ಟ್‌ನ ಮಳೆಗೆ ಕಾಗದ ನಿಲ್ಲದು, ಜನವರಿಯೇ ಮೇಲು. ಬರೆಯಲು ಬಾರದವರ ಮಾತನ್ನು ಬರೆದುಕೊಡಲು ವಿದ್ಯಾರ್ಥಿಗಳಿರಲಿ. ಪ್ರಾಯೋಜಕರ ಫಲಕವಾಗಲಿ, ರಾಜಕಾರಣಿಗಳ ಭಾವಚಿತ್ರವಾಗಲಿ (ತಮ್ಮದೂ ಸೇರಿ, ಕ್ಷಮಿಸಬೇಕು) ಅಲ್ಲಿ ಬೇಡ.

ಎಲ್ಲಕ್ಕಿಂತ ಮುಖ್ಯವಾಗಿ, ಆ ಚೀಟಿಗಳನ್ನು ಓದಬೇಕು. ಹೆಸರಿಲ್ಲದ ಅವನ್ನು ಬೇರ್ಪಡಿಸಿ, ನೀರು, ಮರ, ಪಾದಚಾರಿ ಮಾರ್ಗಗಳ ಕುರಿತವನ್ನು ಆಯಾ ಇಲಾಖೆಗೆ ಕಳಿಸಿ, ಬಂದ ಉತ್ತರಗಳನ್ನು ಮರುವರ್ಷದ ಪ್ರದರ್ಶನದಲ್ಲಿ ಅದೇ ಜಾಗದಲ್ಲಿ ತೂಗುಹಾಕಿಸಬೇಕೆಂದು ಕೋರುತ್ತೇನೆ. ಅದು ಆಗದೆಂದಾದರೆ ಗಿಡ ಇಡುವುದೇ ಬೇಡ.

ಇಂತಿ,
ಲಾಲ್‌ಬಾಗ್‌ನ ಒಬ್ಬ ನಿತ್ಯ ನಡಿಗೆಯವ