ಎತ್ತಿನಹೊಳೆ: ತೀರ್ಮಾನ ಯಾರದು?

ಮಾನ್ಯ ಸಂಪಾದಕರೇ,

ಸಕಲೇಶಪುರ ಕಡೆಯ ಘಟ್ಟದ ಹೊಳೆಗಳ ನೀರನ್ನು ನಮ್ಮ ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆ ಯಾಕೆ ಇಷ್ಟು ತಡ ಅಂತ ಕೇಳಿದರೆ ಎಲ್ಲರೂ ದುಡ್ಡಿನ ಕಡೆ ಕೈ ತೋರಿಸುತ್ತಾರೆ. ದುಡ್ಡೂ ಒಂದು ಕಾರಣ, ನಿಜ. ಆದರೆ ನಮ್ಮ ಕೊರಟಗೆರೆ ಕಡೆಯಿಂದ ನೋಡಿದವರಿಗೆ ಇನ್ನೊಂದು ಕಾಣುತ್ತದೆ: ತೀರ್ಮಾನ ಮಾಡಬೇಕಾದವರು ಯಾರು ಅನ್ನುವುದೇ ಇತ್ಯರ್ಥ ಆಗಿರಲಿಲ್ಲ.

ಈ ನೀರು ತುಂಬಿಡಲು ಯೋಜಿಸಿದ ಬೈರಗೊಂಡ್ಲು ಜಲಾಶಯವನ್ನೇ ತಗೊಳ್ಳಿ. ಮುಳುಗಡೆಗೆ ಗುರುತಿಸಿದ ಜಮೀನು ಒಂದಷ್ಟು ನಮ್ಮ ತಾಲ್ಲೂಕಿನದು, ಒಂದಷ್ಟು ಪಕ್ಕದ ದೊಡ್ಡಬಳ್ಳಾಪುರದ್ದು. ನಮ್ಮದು ತುಮಕೂರು ಜಿಲ್ಲೆ, ಅದು ಬೆಂಗಳೂರು ಗ್ರಾಮಾಂತರ. ಜಮೀನಿನ ದರ ಬೇರೆ, ಹಾಗಾಗಿ ಪರಿಹಾರವೂ ಬೇರೆ. ಒಂದೇ ನೀರಲ್ಲಿ ಮುಳುಗುವ ಹೊಲಗಳಿಗೆ ಎರಡು ಬೆಲೆ ಅಂದರೆ ಯಾವ ರೈತ ಒಪ್ಪುತ್ತಾನೆ ಹೇಳಿ? ಒಂದೇ ದರ ಕೊಡಿ ಅಂದರು, ನ್ಯಾಯವಾಗಿಯೇ ಕೇಳಿದರು. ಆದರೆ ಇದು ಒಂದು ಜಿಲ್ಲೆಯ ಡಿಸಿ ಒಬ್ಬರೇ ಬಗೆಹರಿಸುವ ವಿಷಯ ಅಲ್ಲ, ಕಂದಾಯ, ಜಲಸಂಪನ್ಮೂಲ, ಹಣಕಾಸು, ಯೋಜನೆಯ ಕೆಲಸ ನಡೆಸುವ ವಿಶ್ವೇಶ್ವರಯ್ಯ ಜಲ ನಿಗಮ ಎಲ್ಲರೂ ಒಂದು ಮಾತಿಗೆ ಬರಬೇಕು, ಅದಕ್ಕೇ ವರ್ಷಗಟ್ಟಲೆ ಎಳೆಯಿತು. 2012ರಲ್ಲಿ 8,323 ಕೋಟಿ ಇದ್ದ ಯೋಜನೆಯ ಅಂದಾಜು 2014ಕ್ಕೆ 12,912 ಕೋಟಿ ಆಯಿತು, ಆಮೇಲೆ 23,251 ಕೋಟಿಗೆ ಹೋಯಿತು. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಹತ್ತಿರ ಮೊದಲ ಹಂತ ಉದ್ಘಾಟನೆಯಾಯಿತು, ಸಂತೋಷ. ಅಡಿಗಲ್ಲು ಹಾಕಿ ಆಗಲೇ ಹತ್ತು ವರ್ಷ ದಾಟಿತ್ತು.

ಸಭೆ ನಡೆದಿಲ್ಲ ಅಂತ ಅಲ್ಲ. ಸಭೆಗೆ ಬಂದವರು ಮೇಲಿನವರಿಗೆ ತಿಳಿಸುತ್ತೇವೆ ಅನ್ನುತ್ತಾರೆ, ಉತ್ತರ ಬರುವಷ್ಟರಲ್ಲಿ ಅವರಿಗೇ ವರ್ಗ ಆಗಿರುತ್ತದೆ. ಹೆಚ್ಚು ಇಲಾಖೆ ಸೇರಿದಷ್ಟೂ ಸಹಿ ಜಾಸ್ತಿ, ಹೊಣೆ ಹೊರುವವರು ಕಡಿಮೆ. ತಹಶೀಲ್ದಾರ್, ಅರಣ್ಯದ ರೇಂಜರ್, ನಾಲೆ ನೋಡಿಕೊಳ್ಳುವ ಎಂಜಿನಿಯರ್ ಒಟ್ಟಿಗೆ ಜಾಗಕ್ಕೆ ಹೋಗಿ ಜಂಟಿ ಸರ್ವೆ ಮಾಡಿದರೆ ಅರಣ್ಯ ಜಮೀನು ಯಾವುದು, ಕಂದಾಯ ಜಮೀನು ಯಾವುದು ಅನ್ನುವ ಗಡಿಯ ತಕರಾರು ಅಲ್ಲೇ ಮುಗಿಯಬಹುದು. ಅದರ ಬದಲು ಮೂರು ಕಡತ ಬೇರೆಬೇರೆ ದಾರಿಯಲ್ಲಿ ಬೆಂಗಳೂರಿಗೆ ಹೋಗಿ ಬರುತ್ತವೆ. ಅರಣ್ಯ ಅನುಮತಿಗೆ ಪರಿಶೀಲನೆ ಬೇಕೇ ಬೇಕು, ಅದರಲ್ಲಿ ಅವಸರ ಬೇಡ. ಸುಮ್ನೆ ಮೇಜಿನ ಮೇಲೆ ಕೂರುವ ದಿನಗಳ ಬಗ್ಗೆ ಮಾತ್ರ ನನ್ನ ತಕರಾರು.

ಎರಡೂ ಜಿಲ್ಲೆಗೆ ಸೇರಿ ಒಬ್ಬ ಹಿರಿಯ ಅಧಿಕಾರಿಯನ್ನು ನೇಮಿಸಿ, ಭೂಮಿ ಮತ್ತು ಪರಿಹಾರದ ಅಧಿಕಾರ ಅವರಿಗೇ ಕೊಡಿ, ಕೆಲಸ ಮುಗಿಯುವವರೆಗೆ ವರ್ಗ ಮಾಡಬೇಡಿ. ಸಂಪುಟಕ್ಕೆ ಹೋಗಲೇಬೇಕಾದ ವಿಷಯಕ್ಕೆ ದಿನಾಂಕ ಗೊತ್ತುಮಾಡಿ. ಯಾವ ಕಡತ ಯಾರ ಹತ್ತಿರ, ಎಂದಿನಿಂದ ಇದೆ ಅನ್ನುವುದನ್ನು ತಾಲ್ಲೂಕು ಕಚೇರಿಯ ಬೋರ್ಡಿನಲ್ಲಿ ಹಾಕಿ. ಜಮೀನು ಬಿಟ್ಟುಕೊಡುವ ರೈತನಿಗೆ ಇಷ್ಟು ತಿಳಿಯುವ ಹಕ್ಕಿದೆ, ಅಲ್ವಾ?

— ಒಬ್ಬ ಓದುಗ, ಕೊರಟಗೆರೆ, ತುಮಕೂರು ಜಿಲ್ಲೆ