ಮೊಣಕಾಲಿನ ಕೆಳಗೆ ನೋವು ಇರುವವರು ಇದೊಂದು ಓದಿ

ಎಲ್ಲರಿಗೂ ನಮಸ್ಕಾರ, ಭಾನುವಾರ ಪಣಂಬೂರು ಬೀಚ್ ರನ್ ಮುಗಿದ ಮೇಲೆ ನಾಲ್ಕೈದು ಜನ ಕಾಲಿನ ಮುಂದಿನ ಎಲುಬು ನೋವು ಅಂತ ಹೇಳ್ತಿದ್ರಿ, ಅದಕ್ಕೆ ಬರೀತಿದ್ದೇನೆ. ಎಲುಬಿನ ಒಳಬದಿಯಲ್ಲಿ ಉದ್ದಕ್ಕೆ ಒತ್ತಿದಲ್ಲೆಲ್ಲಾ ನೋವು ಬಂದ್ರೆ ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್ಸ್, ಅಂದ್ರೆ ಲೋಡ್ ಜಾಸ್ತಿಯಾಗಿ ಆ ಎಲುಬಿನ ಅಂಚಲ್ಲಿ ಬರುವ ನೋವು. ಮಳೆ ಅಂತ ಎರಡು ತಿಂಗಳು ಮನೇಲಿ ಕೂತು ಆಮೇಲೆ ಒಮ್ಮೆಲೇ ಕಾಂಕ್ರೀಟ್ ರೋಡಲ್ಲಿ 10 ಕಿಲೋಮೀಟರ್ ಓಡಿದ್ರೆ ಮತ್ತೆಂತ ಆಗ್ತದೆ ಮಾರಾಯ್ರೆ, ಎಲುಬಿಗೂ ಅಭ್ಯಾಸ ಆಗ್ಲಿಕ್ಕೆ ಟೈಮ್ ಬೇಕಲ್ಲ.

ಎರಡು ವಾರ ಓಟ ಬಿಡಿ, ಸೈಕಲ್ ಅಥವಾ ಸ್ವಿಮ್ಮಿಂಗ್ ಮಾಡಿ, ಬಟ್ಟೆಯಲ್ಲಿ ಸುತ್ತಿ ಐಸ್ 15 ನಿಮಿಷ ಇಡಿ. ನಾನು ಹೋದ ವರ್ಷ ನೋವಿನ ಸ್ಪ್ರೇ ಹೊಡ್ಕೊಂಡೇ ಓಡಿ ಮೂರು ತಿಂಗಳು ಕೂತದ್ದು ಉಂಟು, ಹಾಗಾಗಿ ದಮ್ಮಯ್ಯ ಅದು ಬೇಡ. ವಾಪಸ್ ಶುರು ಮಾಡುವಾಗ ಮಂಗಳಾ ಸ್ಟೇಡಿಯಂ ಟ್ರ್ಯಾಕಲ್ಲಿ ಸ್ವಲ್ಪ ನಡೆದು ಸ್ವಲ್ಪ ಓಡಿ, ಕದ್ರಿ ಇಳಿಜಾರು ಈಗಲೇ ಬೇಡ, ಹೆಜ್ಜೆ ಚಿಕ್ಕದು ಮಾಡಿ. ಬೀಚಲ್ಲಿ ನೀರಿನ ಬದಿಯ ಓರೆ ಮರಳಲ್ಲಿ ಒಂದೇ ದಿಕ್ಕಿಗೆ ಓಡ್ಬೇಡಿ, ಒಂದೇ ಕಾಲಿಗೆ ಲೋಡ್ ಬೀಳ್ತದೆ. ಮೀನಖಂಡಕ್ಕೆ ದಿನಾ ಕಾಫ್ ರೈಸ್ (ನಿಂತು ಹಿಮ್ಮಡಿ ಎತ್ತಿ ಇಳಿಸುವುದು) ಮಾಡಿ, ಮೊಣಕಾಲು ಬಗ್ಗಿಸಿಯೂ ಮಾಡಿ. ಶೂ 700-800 ಕಿಲೋಮೀಟರ್ ದಾಟಿದ್ರೆ ಬದಲಾಯಿಸುವ ಯೋಚನೆ ಮಾಡಿ.

ಆದ್ರೆ ನೋವು ಒಂದೇ ಬೆರಳು ಇಡುವಷ್ಟು ಜಾಗದಲ್ಲಿದ್ರೆ, ರಾತ್ರಿ ಮಲಗಿದಾಗಲೂ ಇದ್ರೆ, ಒಂಟಿಕಾಲಲ್ಲಿ ಹಾರ್ಲಿಕ್ಕೆ ಆಗದಿದ್ರೆ, ಸೀದಾ ಆರ್ಥೋ ಡಾಕ್ಟರ್ ಹತ್ರ ಹೋಗಿ, ಅದು ಸ್ಟ್ರೆಸ್ ಫ್ರ್ಯಾಕ್ಚರ್ (ಎಲುಬಿನಲ್ಲಿ ಸಣ್ಣ ಬಿರುಕು) ಇರಬಹುದು, ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರುವುದೂ ಉಂಟು. ಈ ಭಾನುವಾರ ನೋವಿರುವವರು ಓಡ್ಲಿಕ್ಕೆ ಬರ್ಬೇಡಿ, ಕೊನೆಗೆ ಗೋಳಿಬಜೆ ತಿನ್ಲಿಕ್ಕೆ ಬನ್ನಿ ಬೇಕಾದ್ರೆ.